ಮೊದಲು ಸಿಕ್ಕಿದ್ದು

ಕಮಲಾಪುರ
16 ಅಕ್ಟೋಬರ್ 2024

ಅಂಜನಾ ಅವರಿಗೆ,

ನಮಸ್ಕಾರ. ನಾನು ಇಲ್ಲಿಯ ಟ್ರಸ್ಟ್ ದವಾಖಾನೆಯಲ್ಲಿ ಲಸಿಕೆ ಕೋಣೆಯ ನರ್ಸ್. ಫ್ರಿಜ್ಜಿನ ಶಾಖ ಅಳೆಯುವ ನಿಮ್ಮ ಸಾಧನದ ಬಗ್ಗೆ ದೂರು ಇದ್ದರೆ ಲಿಖಿತವಾಗಿಯೇ ಕೊಡಬೇಕು ಎಂದು ನೀವು ಗೋಡೆಗೆ ಅಂಟಿಸಿಹೋದ ಹಾಳೆಯಲ್ಲಿದೆ. ಅದಕ್ಕೇ ಈ ಕಾಗದ. ನಮ್ಮ ಜೀಪಿನ ಡ್ರೈವರ್ ನಬಿಸಾಬ್ ಔಷಧಿ ತರಲು ಕಲಬುರಗಿಗೆ ಬರುತ್ತಾರೆ, ಜಗತ್ ವೃತ್ತದ ಹತ್ತಿರದ ನಿಮ್ಮ ಅಂಗಡಿಗೆ ಅವರೇ ತಲುಪಿಸುತ್ತಾರೆ.

ನಿನ್ನೆ ಮಂಗಳವಾರ ಬೆಳಗ್ಗೆ ಲಸಿಕೆ ಫ್ರಿಜ್ ತೆರೆದಾಗ ಬಾಟಲಿಗಳು ಕೈಗೆ ತಂಪೆನಿಸಲಿಲ್ಲ. ಹಳೆಯ ಗಾಜಿನ ಥರ್ಮಾಮೀಟರ್ ಒಳಗಿಟ್ಟು ಹತ್ತು ನಿಮಿಷ ಕಾದೆ. ಹದಿನೇಳು ಡಿಗ್ರಿ ತೋರಿಸಿತು. ಅದೇ ಹೊತ್ತಿಗೆ ನಿಮ್ಮ ಪರದೆಯ ಮೇಲೆ 4.2 ಎಂದಿತ್ತು. ಎಂಟು ದಾಟಿದರೆ ನನ್ನ ಮೊಬೈಲಿಗೆ ಎಚ್ಚರಿಕೆ ಬರಬೇಕು. ಬಂದಿಲ್ಲ.

ಹಿಂದಿನ ದಿನ, ಸೋಮವಾರ, ಆ ಪರದೆಯನ್ನು ನಂಬಿ ಇಪ್ಪತ್ಮೂರು ಕೂಸುಗಳಿಗೆ ದಡಾರದ ಸೂಜಿ ಹಾಕಿದ್ದೇನೆ. ಲಸಿಕೆ ಕೆಟ್ಟಿತ್ತೋ ಇಲ್ಲವೋ ನನಗೆ ತಿಳಿಯಬೇಕು. ಬೇಗ ತಿಳಿಯಬೇಕು.

ನನ್ನ ಹೆಸರು ನೋಡಿ ನಿಮಗೆ ಗುರುತು ಹತ್ತಿದರೂ ಹತ್ತದಿದ್ದರೂ ಉತ್ತರ ಸಾಧನದ ಬಗ್ಗೆ ಇರಲಿ.

ಗೌತಮಿ
ಸ್ಟಾಫ್ ನರ್ಸ್

*

ಕಲಬುರಗಿ
19 ಅಕ್ಟೋಬರ್ 2024

ಗೌತಮಿ ಅವರಿಗೆ,

ನಿಮ್ಮ ದೂರು ತಲುಪಿತು. ನಿಮ್ಮ ದವಾಖಾನೆಯ ಹತ್ತು ದಿನದ ದಾಖಲೆ ತೆಗೆದು ನೋಡಿದೆ. ಶಾಖ ಎಲ್ಲಿಯೂ ಐದು ದಾಟಿಲ್ಲ. ಇದೇ ವ್ಯವಸ್ಥೆಯನ್ನು ನಾವು ಇನ್ನೂ ಎಂಟು ದವಾಖಾನೆಗಳಲ್ಲಿ ಕೂರಿಸಿದ್ದೇವೆ, ಎಲ್ಲಿಂದಲೂ ತಕರಾರು ಬಂದಿಲ್ಲ.

ಗಾಜಿನ ಥರ್ಮಾಮೀಟರ್ ಎಷ್ಟು ಹಳೆಯದು, ಅದನ್ನು ಕೊನೆಯ ಸಲ ತಾಳೆ ನೋಡಿದ್ದು ಯಾವಾಗ ಎಂದು ದಯವಿಟ್ಟು ವಿಚಾರಿಸಿ. ಸಾಧನವನ್ನು ನಡೆಸುವ ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ನಾವು ಬರೆದುಕೊಟ್ಟ ಕೆಲಸದ ಪಟ್ಟಿ. ಅದು ಮರೆಯುವುದಿಲ್ಲ, ಆಕಳಿಸುವುದಿಲ್ಲ, ಹಬ್ಬಕ್ಕೆ ರಜೆ ಹಾಕುವುದಿಲ್ಲ. ನೀವು ಎರಡು ದಿನ ಇರಲಿಲ್ಲ ಎಂದು ನಿಮ್ಮ ಟ್ರಸ್ಟಿನ ಕಾರ್ಯದರ್ಶಿಯವರು ಫೋನಿನಲ್ಲಿ ತಿಳಿಸಿದರು.

ಹೆಚ್ಚಿನ ಸಹಾಯ ಬೇಕಾದಲ್ಲಿ ತಿಳಿಸಿ.

ಅಂಜನಾ

*

ಕಮಲಾಪುರ
22 ಅಕ್ಟೋಬರ್ 2024

ಅಂಜನಾ ಅವರಿಗೆ,

ಹೌದು, ಹಬ್ಬಕ್ಕೆ ಹೋಗಿದ್ದೆ. ವಿಜಯದಶಮಿ ನಮಗೆ ಧಮ್ಮದೀಕ್ಷೆಯ ದಿನ. ರಜೆಯ ಅರ್ಜಿ ಕೊಟ್ಟು, ಅವ್ವನನ್ನು ಕರೆದುಕೊಂಡು ಕಲಬುರಗಿಯ ಬುದ್ಧ ವಿಹಾರಕ್ಕೆ ಬಂದಿದ್ದೆ. ಶನಿವಾರ, ಭಾನುವಾರ ಎರಡೂ ದಿನ ನಿಮ್ಮ ಸ್ಕ್ರಿಪ್ಟ್ ತಾಸಿಗೊಮ್ಮೆ ‘ಎಲ್ಲ ಸರಿ’ ಎಂದು ನನ್ನ ಮೊಬೈಲಿಗೆ ಕಳಿಸುತ್ತಲೇ ಇತ್ತು. ರಜೆ ಹಾಕದೆ ಸುಳ್ಳು ಹೇಳುವುದಕ್ಕಿಂತ ರಜೆ ಹಾಕುವುದು ಮೇಲು.

ಶುಕ್ರವಾರ ಇಲ್ಲಿ ಆಯುಧ ಪೂಜೆ. ಅದು ಹೇಗೆ ನಡೆಯುತ್ತದೆ ನಿಮಗೆ ಗೊತ್ತಿದ್ದದ್ದೇ. ಕತ್ತರಿಯಿಂದ ಜೀಪಿನವರೆಗೆ ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ, ಕುಂಕುಮ ಹಚ್ಚುತ್ತಾರೆ. ಕಂಪ್ಯೂಟರಿನ ತಂತಿಗಳನ್ನೆಲ್ಲ ಕಿತ್ತು ಹಿಂದಿನ ಧೂಳು ಒರೆಸಿದರು. ಕಾಯಿ ಒಡೆದಾದ ಮೇಲೆ ಯಾವ ತಂತಿ ಕೈಗೆ ಬಂತೋ ಅದನ್ನು ಖಾಲಿ ಕಂಡ ಕಿಂಡಿಗೆ ಚುಚ್ಚಿದರು. ಫ್ರಿಜ್ಜಿನ ಹಿಡಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ಆ ಮಾಲೆಯ ಮಾವಿನೆಲೆಯ ತೊಟ್ಟೊಂದು ಬಾಗಿಲಿನ ರಬ್ಬರಿನಲ್ಲಿ ಸಿಕ್ಕಿಕೊಂಡಿತ್ತು. ಬಾಗಿಲು ಮುಚ್ಚಿದಂತೆ ಕಾಣುತ್ತಿತ್ತು, ಮುಚ್ಚಿರಲಿಲ್ಲ. ಸೋಮವಾರ ನಾನು ಬರುವಷ್ಟರಲ್ಲಿ ಬಾಟಲಿಗಳನ್ನು ಮಂಜುಗಡ್ಡೆಯ ಡಬ್ಬಿಗೆ ತುಂಬಿಟ್ಟಿದ್ದರು. ಅಲ್ಲಿ ಕೂತ ಮೇಲೆ ಎಂಥ ಬಾಟಲಿಯೂ ತಂಪಾಗಿಯೇ ಇರುತ್ತದೆ. ಹೀಗಾಗಿ ನನಗೆ ತಿಳಿಯಲಿಲ್ಲ.

ಕೆಟ್ಟ ಲಸಿಕೆಯಿಂದ ಕೂಸಿಗೆ ಕೇಡಿಲ್ಲ, ಆದರೆ ಕಾಪೂ ಇಲ್ಲ. ಸೂಜಿ ಆಯಿತೆಂದು ತಾಯಂದಿರು ನಿಶ್ಚಿಂತರಾಗಿದ್ದಾರೆ. ಇಪ್ಪತ್ತೆಂಟು ದಿನ ಕಳೆದ ಮೇಲೆ ಮತ್ತೊಮ್ಮೆ ಹಾಕಬಹುದು. ಅಂದರೆ ನವೆಂಬರ್ ಹನ್ನೊಂದಕ್ಕೆ ಎಲ್ಲರನ್ನೂ ಕರೆಸಬೇಕು. ಕಾರ್ಯದರ್ಶಿಯವರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: “ಕಂಪ್ಯೂಟರ್ ನಾಕು ಅಂತದ, ನೀವು ಹದಿನೇಳು ಅಂತೀರಿ. ನಾ ಯಾರನ್ನ ನಂಬಬೇಕ್ರಿ? ಸುಮ್ಮ ಊರಾಗ ಹೆದರಿಕಿ ಹಬ್ಬಸಬ್ಯಾಡ್ರಿ.”

ಒಂದೇ ಪ್ರಶ್ನೆ. ಜುಲೈಯಲ್ಲಿ ನೀವು ಬಂದು ಲ್ಯಾಬಿನ ಫ್ರಿಜ್ಜಿಗೂ ಇಂಥದೇ ಒಂದು ತಂತಿ ಇಳಿಬಿಟ್ಟು ಹೋದಿರಿ. ಎರಡೂ ತಂತಿ ಬಿಳಿ, ಎರಡೂ ಒಂದೇ ಥರ. ಯಾವುದು ಲಸಿಕೆಯದು, ಯಾವುದು ಲ್ಯಾಬಿನದು ಎಂದು ನಿಮ್ಮ ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗುತ್ತದೆ?

ಗೌತಮಿ

*

ಕಲಬುರಗಿ
27 ಅಕ್ಟೋಬರ್ 2024

ಗೌತಮಿ,

ಇನ್ನು ‘ಅವರಿಗೆ’ ಅನ್ನಲಾರೆ. ನಿನ್ನ ಪ್ರಶ್ನೆ ಓದಿದ ಮೇಲೆ ಫೋನ್ ಮಾಡಲು ಮೂರು ಸಲ ನಂಬರ್ ಒತ್ತಿ ಕೆಳಗಿಟ್ಟೆ. ಹದಿಮೂರು ವರ್ಷದ ಮೇಲೆ ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಸ್ಕ್ರಿಪ್ಟಿಗೆ ಗೊತ್ತಾಗುವುದಿಲ್ಲ. ಇದೇ ಉತ್ತರ.

ಸಾಧನ ಕಂಪ್ಯೂಟರಿನ ಯಾವ ಕಿಂಡಿಯಲ್ಲಿದೆ ಎಂದು ಹುಡುಕುವ ಒಂದು ತುಣುಕು ಬರೆದಿದ್ದೇನೆ. ಅದು ಕಿಂಡಿಗಳನ್ನು, ತಂತಿ ಚುಚ್ಚಿದ ಕ್ರಮದಲ್ಲೇ, ಒಂದೊಂದಾಗಿ ತಟ್ಟುತ್ತದೆ. ‘ನಾನು ಶಾಖ ಹೇಳುವವನು’ ಎಂದು ಯಾವುದು ಮೊದಲು ಓಗೊಡುತ್ತದೋ ಅದನ್ನು ಹಿಡಿದು ಕೂರುತ್ತದೆ, ಮುಂದೆ ನೋಡುವುದಿಲ್ಲ. ಬರೆದಾಗ ನಿಮ್ಮಲ್ಲಿ ಇದ್ದದ್ದು ಒಂದೇ ತಂತಿ, ತಪ್ಪಿಗೆ ಜಾಗವಿರಲಿಲ್ಲ. ಜುಲೈಯಲ್ಲಿ ಎರಡನೆಯದನ್ನು ಚುಚ್ಚಿ, ಅದರ ಲೆಕ್ಕ ಆಮೇಲೆ ಬರೆದರಾಯಿತು ಎಂದು ಬಂದುಬಿಟ್ಟೆ. ಆ ‘ಆಮೇಲೆ’ ಬರಲೇ ಇಲ್ಲ. ಅಲ್ಲಿಯವರೆಗೆ ಲಸಿಕೆಯ ತಂತಿಯೇ ಮೊದಲು ಸಿಗುತ್ತಿತ್ತು, ಎಲ್ಲ ಸರಿಹೋಗುತ್ತಿತ್ತು. ಪೂಜೆಯ ದಿನ ಲ್ಯಾಬಿನ ತಂತಿ ಮೊದಲು ಚುಚ್ಚಿರಬೇಕು. ಆವತ್ತಿನಿಂದ ಪರದೆ ಹೇಳುತ್ತಿದ್ದದ್ದು ಲ್ಯಾಬಿನ ಫ್ರಿಜ್ಜಿನ ಶಾಖ.

ಇರಬೇಕು ಅನ್ನುತ್ತಿದ್ದೇನೆ, ಗಮನಿಸು. ಖಾತ್ರಿಯಿಲ್ಲ.

ಇದು ಹೊರಬಿದ್ದರೆ ಒಂಬತ್ತೂ ದವಾಖಾನೆಗಳು ನನ್ನ ಸಾಧನ ಕಿತ್ತೆಸೆಯುತ್ತವೆ. ಜಗತ್ ವೃತ್ತದಲ್ಲಿ ಒಂದು ಹೆಣ್ಣು ಕಂಪ್ಯೂಟರ್ ಅಂಗಡಿ ಇಟ್ಟಿದ್ದಕ್ಕೆ ನಕ್ಕವರು ಇನ್ನೂ ಅದೇ ರಸ್ತೆಯಲ್ಲಿದ್ದಾರೆ. ಅಪ್ಪನಂತೂ “ನಾ ಹೇಳಿದ್ದಿಲ್ಲೇನು?” ಎಂಬ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದಾರೆ. ಸ್ಕ್ರಿಪ್ಟನ್ನು ಇಲ್ಲಿಂದಲೇ ಸದ್ದಿಲ್ಲದೆ ತಿದ್ದುತ್ತೇನೆ. ಮುಂದೆ ಎಂದೂ ಹೀಗಾಗದು. ನೀನು ಏನಾದರೂ ನೆಪ ಹೇಳಿ ಆ ಕೂಸುಗಳನ್ನು ಕರೆಸಲಾಗದೇ? ದಿನಾ ಬೆಳಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಶಾಲೆಗೆ ಹೋಗಲು ನನ್ನ ದಾರಿ ಕಾಯುತ್ತಿದ್ದೆಯಲ್ಲ, ಆ ದಿನಗಳ ಆಣೆ ನಿನಗೆ.

ಓದಿ ಹರಿದುಹಾಕು.

ಅಂಜನಾ

*

ಕಮಲಾಪುರ
30 ಅಕ್ಟೋಬರ್ 2024

ಅಂಜನಾ,

ನಿನ್ನ ಕಾಗದವನ್ನು ಹರಿದಿಲ್ಲ. ಇದೇ ಲಕೋಟೆಯಲ್ಲಿ ವಾಪಸು ಇಟ್ಟಿದ್ದೇನೆ. ನಕಲು ಮಾಡಿಸಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದಿಲ್ಲ. ಅದನ್ನು ಕಾರ್ಯದರ್ಶಿಯವರ ಮೇಜಿನ ಮೇಲಿಟ್ಟಿದ್ದರೆ ಇವತ್ತೇ ನನ್ನ ತೊಂದರೆ ಮುಗಿಯುತ್ತಿತ್ತು. ನನಗೆ ಹಾಗೆ ಗೆಲ್ಲುವುದು ಬೇಡ. ಹೇಳುವುದಿದ್ದರೆ ನೀನೇ ಹೇಳು.

ನೆಪ ಹೇಳಿ ಕರೆಸು ಅನ್ನುತ್ತೀ. ಎದುರು ಮನೆಯ ಇಬ್ಬರು ತಾಯಂದಿರಿಗೆ ನಿಜವನ್ನೇ ಹೇಳಿದ್ದಕ್ಕೆ ನನಗೆ ನೋಟಿಸ್ ಬಂದಿದೆ. ಲಸಿಕೆ ಕೋಣೆಯ ಕೀಲಿ ಈಗ ನನ್ನ ಬಳಿ ಇಲ್ಲ, ಹೊಸ ಬಾಟಲಿ ಒಂದೂ ನನ್ನ ಕೈಗೆ ಕೊಡುತ್ತಿಲ್ಲ. ಕಾರ್ಯದರ್ಶಿಯವರು ಒಂದು ದಾರಿ ತೋರಿಸಿದ್ದಾರೆ. ಮಾಲೆ ಕಟ್ಟಿದ್ದು ಆಯಾ ಲಲಿತಾಬಾಯಿ, ಅವಳ ಬೇಜವಾಬ್ದಾರಿಯಿಂದ ಬಾಗಿಲು ಅರ್ಧ ದಿನ ತೆರೆದಿತ್ತು, ನಾನು ಕೂಡಲೇ ಮುಚ್ಚಿದೆ, ಲಸಿಕೆಗೆ ಏನೂ ಆಗಿಲ್ಲ ಎಂದು ಬರೆದುಕೊಡಬೇಕಂತೆ. ನನ್ನ ನೋಟಿಸು ಹೋಗುತ್ತದೆ, ಅವಳ ಕೆಲಸ ಹೋಗುತ್ತದೆ. ಲಲಿತಾಬಾಯಿಗೆ ಇದು ಗೊತ್ತಾಗಿ ಬಾಗಿಲ ಬಳಿ ನಿಂತು ಹೇಳಿದಳು: “ಎತ್ತಿಗಿ ಜರ ಬಂದ್ರ ಎಮ್ಮಿಗಿ ಬರಿ ಹಾಕ್ತಾರವ್ವ. ಬರದುಕೊಡು, ನಾ ಏನ್ ಅನ್ನಂಗಿಲ್ಲ.” ನಾನು ಬರೆದುಕೊಡಲಿಲ್ಲ.

ಯಾಕೆಂದರೆ ಆ ಬರೆಯ ಉರಿ ನನಗೆ ಗೊತ್ತು. ಒಂಬತ್ತನೇ ತರಗತಿಯಲ್ಲಿ ಮೈಕ್ರೋಸ್ಕೋಪ್ ಬಿದ್ದು ಒಡೆದಾಗ ಕೋಣೆಯಲ್ಲಿ ಆರು ಹುಡುಗಿಯರಿದ್ದೆವು. ಯಾರು ಎಂದು ಸರ್ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅವರ ಕಣ್ಣು ಸಾಲಿನ ಮೇಲೆ ಹಾದು ನನ್ನ ಮೇಲೆ ನಿಂತಿತು, ಮುಂದೆ ಹೋಗಲಿಲ್ಲ. ಆ ವರ್ಷವಿಡೀ ನಾನು ಲ್ಯಾಬಿನ ಪಾಠವನ್ನು ಕಿಟಕಿಯ ಹೊರಗೆ ನಿಂತು ಕೇಳಿದೆ. ನಿನ್ನ ಸ್ಕ್ರಿಪ್ಟಿನ ಕಥೆ ಓದಿದಾಗ ನನಗೆ ನಗು ಬಂತು. ನೀನು ಹೊಸದೇನೂ ಬರೆದಿಲ್ಲ, ನಮ್ಮ ಸರ್ ಮಾಡಿದ್ದನ್ನೇ ಕಂಪ್ಯೂಟರಿಗೆ ಕಲಿಸಿದ್ದೀ. ಮೊದಲು ಸಿಕ್ಕಿದ್ದನ್ನು ಹಿಡಿ, ಮುಂದೆ ನೋಡಬೇಡ.

ಕೆಡವಿದ್ದು ಯಾರು ಎಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಟ್ಟೆಯ ಆಣೆ ಹಾಕಿದ್ದೀ. ಆ ಕಟ್ಟೆಯ ಮೇಲೆ ನಾನು ಯಾಕೆ ಕೂರುತ್ತಿದ್ದೆ, ಒಳಗೆ ಯಾಕೆ ಬರುತ್ತಿರಲಿಲ್ಲ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಮಳೆ ಬಂದ ದಿನವೂ ಕೇಳಲಿಲ್ಲ.

ನವೆಂಬರ್ ಹನ್ನೊಂದಕ್ಕೆ ಇನ್ನು ಹನ್ನೆರಡು ದಿನ.

ಗೌತಮಿ

*

ಕಮಲಾಪುರ
6 ನವೆಂಬರ್ 2024

ಅಂಜನಾ,

ನಬಿಸಾಬ್ ಎರಡು ಸಲ ನಿನ್ನ ಅಂಗಡಿಗೆ ಬಂದರು. “ದೀಪಾವಳಿ ಪೂಜಾದಾಗ ಅದಾರಂತ, ಆಮ್ಯಾಲ ಬರ್ರಿ ಅಂದ್ರು” ಎಂದು ಬರಿಗೈಯಲ್ಲಿ ಮರಳಿದರು. ನಾನು ಏನನ್ನೂ ಬೇಡಲು ಇದನ್ನು ಬರೆಯುತ್ತಿಲ್ಲ. ತಿಳಿಸಲು ಬರೆಯುತ್ತಿದ್ದೇನೆ.

ನಿನ್ನೆಯಿಂದ ನನ್ನನ್ನು ಅಮಾನತಿನಲ್ಲಿ ಇಟ್ಟಿದ್ದಾರೆ.

ಪಕ್ಕದ ತಾಂಡಾದಲ್ಲಿ ಇಬ್ಬರು ಮಕ್ಕಳಿಗೆ ದಡಾರ ಎದ್ದಿದೆ. ನಮ್ಮ ಇಪ್ಪತ್ಮೂರರಲ್ಲಿ ನಾಲ್ಕು ಕೂಸು ಅದೇ ತಾಂಡಾದವು. ಇವತ್ತು ನಡೆದುಕೊಂಡು ಹೋಗಿ ನೋಡಿ ಬಂದೆ. ಒಬ್ಬ ತಾಯಿ ಜ್ವರದ ಮಗುವಿನ ಪಕ್ಕದಲ್ಲೇ ತನ್ನ ಕೂಸನ್ನು ಆಡಲು ಬಿಟ್ಟಿದ್ದಳು. “ನಮ್ಮದಕ್ಕ ಸೂಜಿ ಆಗ್ಯಾದಲ್ರೀ ಸಿಸ್ಟರ್, ನೀವೇ ಹಾಕೀರಿ” ಎಂದು ನಕ್ಕಳು. ಕೂಸನ್ನು ದೂರ ಇಡು ಎಂದೆ. ಯಾಕೆಂದು ಕೇಳಿದಳು. ನನ್ನ ಮಾತಿಗೆ ಈಗ ದವಾಖಾನೆಯ ಮುದ್ರೆ ಇಲ್ಲ.

ಐದು ದಿನ ಉಳಿದಿವೆ.

ಗೌತಮಿ

*

ಕಲಬುರಗಿ
8 ನವೆಂಬರ್ 2024

ಮಾನ್ಯ ಕಾರ್ಯದರ್ಶಿಗಳಿಗೆ,
(ಪ್ರತಿ: ಗೌತಮಿ, ಸ್ಟಾಫ್ ನರ್ಸ್, ಹಾಗೂ ನಮ್ಮ ಸಾಧನ ಇರುವ ಇತರ ಎಂಟು ದವಾಖಾನೆಗಳು)

ನಿಮ್ಮ ಲಸಿಕೆ ಫ್ರಿಜ್ಜಿನ ಶಾಖದ ಬಗ್ಗೆ ಅಕ್ಟೋಬರ್ 11ರಿಂದ ನಮ್ಮ ವ್ಯವಸ್ಥೆ ಕೊಟ್ಟ ಮಾಹಿತಿ ಸುಳ್ಳು. ಅದು ಲ್ಯಾಬಿನ ಫ್ರಿಜ್ಜಿನ ಶಾಖ. ತಪ್ಪು ನನ್ನ ಸ್ಕ್ರಿಪ್ಟಿನದು, ಅದನ್ನು ಬರೆದವಳು ನಾನು.

ಸಾಕ್ಷಿ ಬೇಕೆಂದರೆ ಇದೆ. ಪ್ರತಿ ಸಾಧನಕ್ಕೂ ತಯಾರಕರು ಕೊಟ್ಟ ಅದರದೇ ಒಂದು ನಂಬರು ಇರುತ್ತದೆ. ಯಾವ ನಂಬರಿನ ಸಾಧನವನ್ನು ಯಾವಾಗ ಚುಚ್ಚಿದರು ಎಂದು ಕಂಪ್ಯೂಟರ್ ತಾನಾಗಿ ಬರೆದಿಡುತ್ತದೆ. ಆ ದಿನಚರಿ ನನ್ನ ಅಂಗಡಿಗೂ ಬರುತ್ತದೆ. ಅಕ್ಟೋಬರ್ 11ರ ಬೆಳಗ್ಗೆ 11.42ಕ್ಕೆ ಲ್ಯಾಬಿನದು, 11.43ಕ್ಕೆ ಲಸಿಕೆಯದು. ಈ ಹಾಳೆ ಮೊದಲ ದಿನದಿಂದ ನನ್ನ ಬಳಿ ಇತ್ತು. ನಾನು ತೆರೆದು ನೋಡಲಿಲ್ಲ, ನಿಮ್ಮ ನರ್ಸಿನ ಥರ್ಮಾಮೀಟರ್ ಹಳೆಯದು ಎಂದು ಬರೆದೆ. ಹಾಳೆಯ ನಕಲನ್ನು ಲಗತ್ತಿಸಿದ್ದೇನೆ.

ದೀಪಾವಳಿಗೆ ನಮ್ಮ ಅಂಗಡಿಯಲ್ಲೂ ಪೂಜೆಗೆಂದು ತಂತಿಗಳನ್ನು ಕಿತ್ತಿದ್ದರು. ಇಂಥವೇ ಎರಡು ಸಾಧನ ತೆಗೆದುಕೊಂಡು, ಒಂದನ್ನು ಐಸ್ ನೀರಿನಲ್ಲಿ, ಇನ್ನೊಂದನ್ನು ಚಹಾದ ಲೋಟದಲ್ಲಿ ಮುಳುಗಿಸಿದೆ. ಚಹಾದ್ದನ್ನು ಅಳೆ ಎಂದು ಹಳೆಯ ಸ್ಕ್ರಿಪ್ಟಿಗೆ ಹೇಳಿ, ಐಸಿನದನ್ನು ಮೊದಲು ಚುಚ್ಚಿದೆ. ಚಹಾ ಎರಡು ಡಿಗ್ರಿ ಇದೆ, ಎಲ್ಲ ಸರಿ ಎಂದು ಪರದೆ ಹೇಳಿತು. ಲೋಟದಿಂದ ಹಬೆ ಏಳುತ್ತಿತ್ತು.

ಆದ್ದರಿಂದ ಅಕ್ಟೋಬರ್ 14ರಂದು ಲಸಿಕೆ ಪಡೆದ ಇಪ್ಪತ್ಮೂರು ಮಕ್ಕಳಿಗೂ ಮತ್ತೆ ಲಸಿಕೆ ಹಾಕಬೇಕೆಂಬ ಗೌತಮಿಯವರ ಮಾತು ಸರಿ. ಅವರದಾಗಲಿ, ಆಯಾ ಲಲಿತಾಬಾಯಿಯವರದಾಗಲಿ ಇದರಲ್ಲಿ ತಪ್ಪಿಲ್ಲ. ಹೂಮಾಲೆ ಎಲ್ಲಾದರೂ ಸಿಕ್ಕಿಕೊಳ್ಳಬಹುದು, ಅಂಥ ಹೊತ್ತಿಗೆ ಕೂಗಲೆಂದೇ ನನ್ನ ಸಾಧನ ಇಟ್ಟದ್ದು. ಅದು ಕೂಗಲಿಲ್ಲ. ಹೊಸ ಸ್ಕ್ರಿಪ್ಟ್ ಯಾವ ಕಿಂಡಿ ಎಂದು ನೋಡುವುದಿಲ್ಲ, ಸಾಧನದ ನಂಬರನ್ನೇ ಕೇಳುತ್ತದೆ. ಆ ನಂಬರು ಸಿಗದಿದ್ದರೆ ಬೇರೆ ಯಾವುದನ್ನೂ ಹಿಡಿಯದೆ ‘ಸಿಗಲಿಲ್ಲ’ ಎಂದು ಹೇಳಿ ಎಚ್ಚರಿಕೆ ಕೊಡುತ್ತದೆ.

ಅಂಜನಾ

(ಗೌತಮಿಯ ಪ್ರತಿಯ ಕೆಳಗೆ, ಪೆನ್ನಿನಲ್ಲಿ:)

ತಪ್ಪು ಕಂಡರೆ ಕೂಗುವ ಆ ಎಚ್ಚರಿಕೆಯನ್ನು ಒಂಬತ್ತನೇ ತರಗತಿಯಲ್ಲೇ ಬರೆಯಬೇಕಿತ್ತು. ಮೈಕ್ರೋಸ್ಕೋಪ್ ಕೆಡವಿದವಳು ನಾನು. ಇಷ್ಟು ವರ್ಷ ನಿನಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು ಬದುಕಿದೆ. ಇದನ್ನು ಕ್ಷಮೆಗಾಗಿ ಬರೆದಿಲ್ಲ, ಬರೆಯದೆ ಇರಲಾರದೆ ಬರೆದೆ.

*

ಕಮಲಾಪುರ
28 ನವೆಂಬರ್ 2024

ಅಂಜನಾ,

ನಿನ್ನ ಕಾಗದವನ್ನು ಇತರ ದವಾಖಾನೆಗಳೂ ಓದಿದ್ದರಿಂದ ಇಲ್ಲಿ ಮುಚ್ಚಿಡಲು ಜಾಗ ಉಳಿಯಲಿಲ್ಲ. ನವೆಂಬರ್ ಹತ್ತರ ಭಾನುವಾರವೇ ಕೂಸುಗಳನ್ನು ಕರೆಯಲು ಜೀಪು ಹೊರಟಿತು, ನನ್ನ ಅಮಾನತು ಸೋಮವಾರ ಬೆಳಗ್ಗೆ ಹೋಯಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು “ತಗೋರಿ” ಎಂದರು. ತಗೊಂಡೆ.

ತಾಂಡಾದ ನಾಲ್ಕನ್ನೂ ಸೇರಿಸಿ ಇಪ್ಪತ್ತೆರಡು ಕೂಸಿಗೆ ಸೂಜಿ ಆಗಿದೆ. ತಾಂಡಾದ ಒಂದಕ್ಕೆ ಜ್ವರ ಬಂದು ಮೂರು ದಿನ ನನ್ನ ಜೀವ ಕೈಯಲ್ಲಿತ್ತು. ದಡಾರವಲ್ಲ, ಬರೀ ನೆಗಡಿ. ನಿನ್ನ ಅಂಗಡಿಯ ಗತಿ ಏನಾಯಿತೆಂದು ನೀನು ಬರೆದಿಲ್ಲ. ನಾಲ್ಕು ದವಾಖಾನೆಯವರು ಬಿಟ್ಟರಂತೆ, ನಬಿಸಾಬ್ ಹೇಳಿದರು. ನನಗೆ ಕೆಟ್ಟದೆನಿಸಿತು.

ಇಪ್ಪತ್ಮೂರನೆಯದು ಸಿಕ್ಕಿಲ್ಲ. ಹೆಣ್ಣು ಕೂಸು, ಈಗ ಹತ್ತು ತಿಂಗಳು. ತಾಯಿಯ ಹೆಸರು ಕೌಸರ್. ಗಂಡನಿಗೆ ಕಪನೂರಿನ ಯಾವುದೋ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ದಸರಾ ಹಬ್ಬದ ಮರುವಾರವೇ ಕಲಬುರಗಿಗೆ ಹೋದರು. ಕೊಟ್ಟ ಫೋನ್ ನಂಬರು ಬಂದ್ ಆಗಿದೆ. ಕಪನೂರು ನಿನಗೆ ಹತ್ತಿರ. ಹುಡುಕು. ಮೊದಲು ಸಿಕ್ಕ ಕೌಸರಳನ್ನು ಹಿಡಿದುಕೊಂಡು ಬರಬೇಡ. ಲಸಿಕೆ ಕಾರ್ಡಿನ ನಂಬರು ಕೇಳು. ನಂಬರನ್ನು ಹಿಂದುಗಡೆ ಬರೆದಿದ್ದೇನೆ.

ಪೆನ್ನಿನಲ್ಲಿ ಬರೆದಿದ್ದನ್ನು ಓದಿದೆ.

ಗೌತಮಿ

*

ಕಲಬುರಗಿ
7 ಡಿಸೆಂಬರ್ 2024

ಗೌತಮಿ,

ಸಿಕ್ಕಳು.

ಎಂಟು ದಿನ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಕಪನೂರು ಸುತ್ತಿದೆ. ಮೊದಲ ಕೌಸರಳಿಗೆ ಅರವತ್ತು ವರ್ಷ, ನನ್ನನ್ನು ಕೂರಿಸಿ ಚಹಾ ಕುಡಿಸಿ ಕಳಿಸಿದಳು. ಎರಡನೆಯವಳ ಕಂಕುಳಲ್ಲಿ ಹೆಣ್ಣು ಕೂಸೇ ಇತ್ತು, ಹತ್ತು ತಿಂಗಳದ್ದೇ. ನನ್ನ ಕಾಲು ಸೋತಿದ್ದವು. ಇವಳೇ ಇರಲಿ ದೇವರೇ ಎಂದುಕೊಂಡೆ. ಕಾರ್ಡಿನ ನಂಬರು ಬೇರೆ ಇತ್ತು. ಅಲ್ಲಿಂದ ಎದ್ದು ಬರುವಾಗ ನಿನ್ನ ಮೇಲೆ ಸಿಟ್ಟೂ ಬಂತು, ನಗುವೂ ಬಂತು.

ನಮ್ಮ ಕೌಸರ್ ನಿನ್ನೆ ಸಿಕ್ಕಳು. ತಗಡು ಬಗ್ಗಿಸುವ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿದ್ದಾಳೆ. ನಂಬರು ಸರಿ ಇದೆ, ಎರಡು ಸಲ ಓದಿದೆ. “ಸೂಜಿ ಆಗ್ಯಾದಲ್ರೀ, ಮತ್ಯಾಕ?” ಎಂದು ಕೇಳಿದಳು. “ಆವತ್ತಿನ ಔಷಧ ಕೆಟ್ಟಿತ್ತವ್ವ. ಕೆಟ್ಟದ್ದು ನನ್ನ ಯಂತ್ರ ಹೇಳ್ಲಿಲ್ಲ. ನನ್ನ ತಪ್ಪು” ಎಂದೆ. ಅವಳು ಬೈಯುತ್ತಾಳೆ ಎಂದು ಕಾದೆ. ಕೂಸಿನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿ, “ಯಾವಾಗ ಬರಬೇಕ್ರೀ?” ಎಂದಳು. ಅಲ್ಲಿಂದ ಹೊರಗೆ ಬಂದು ಅತ್ತೆ.

ಇಲ್ಲೇ ಕಲಬುರಗಿಯಲ್ಲಿ ಹಾಕಿಸಬಹುದಿತ್ತು. ಆದರೆ ಅವಳು “ಆ ಸಿಸ್ಟರೇ ಹಾಕ್ಲಿ, ಕೂಸು ಅವರ ಕೈಯಾಗ ಅಳಂಗಿಲ್ಲ” ಎಂದಳು. ಸೋಮವಾರ ಬೆಳಗ್ಗೆ ಏಳರ ಬಸ್ಸಿಗೆ ತಾಯಿ, ಮಗು ಇಬ್ಬರನ್ನೂ ನಾನೇ ಕರೆತರುತ್ತೇನೆ. ದವಾಖಾನೆಯ ಬಾಗಿಲಿನವರೆಗೆ ಬಿಡುತ್ತೇನೆ. ನನ್ನ ಮುಖ ನೋಡುವುದು ನಿನಗೆ ಬೇಡವೆಂದರೆ ಬೇಡ. ಸೂಜಿ ಆಗುವ ತನಕ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.

ಅಂಜನಾ

*

(ನಬಿಸಾಬ್ ಭಾನುವಾರ ಅಂಗಡಿಗೆ ತಂದುಕೊಟ್ಟ ಚೀಟಿ)

ಕಮಲಾಪುರ
8 ಡಿಸೆಂಬರ್ 2024

ಅಂಜನಾ,

ಕಟ್ಟಿ ಮ್ಯಾಲ ಕೂಡಬ್ಯಾಡ. ಒಳಗ ಬಾ.

ಗೌತಮಿ